ಪುಟ್ಟ ಕಣ್ಣಿಗೆ ಮೆಲ್ಲನೆಯ ಚಿತ್ರ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮೂರರಿಂದ ಆರು ವರ್ಷದ ಮಕ್ಕಳಿಗೆ ಒಳ್ಳೆಯ ನಡತೆ ಕಲಿಸುವ, ಗದ್ದಲವಿಲ್ಲದ ವಿಡಿಯೊಗಳನ್ನು ಕನ್ನಡದಲ್ಲಿ ಮಾಡಲು ಹೊರಟವರ ಪತ್ರಗಳು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದಿವೆ. ಮಕ್ಕಳ ಕಾರ್ಯಕ್ರಮಕ್ಕೆ ಕಥೆ ಬರೆಯುವವರು, ಧ್ವನಿ ಮತ್ತು ಸಂಕಲನದ ಕೆಲಸ ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಅಂಗನವಾಡಿ ಮಕ್ಕಳಿಗೆ ತೋರಿಸಲೆಂದು ನಾನೂ ನನ್ನ ತಂಗಿಯೂ ಒಂದು ಕಥೆಯ ವಿಡಿಯೊ ಮಾಡಿದೆವು. ಹದಿನೆಂಟು ನಿಮಿಷ ಆಯಿತು. ಐದು ನಿಮಿಷಕ್ಕೇ ಮಕ್ಕಳು ಎದ್ದು ಹೋದರು. ಎಷ್ಟು ಉದ್ದ ಇರಬೇಕು? ಕಥೆಯನ್ನು ಇನ್ನೂ ಬೇಗಬೇಗ ಹೇಳಿದರೆ ಕೂರುತ್ತಾರಾ?
– ಅಂಗನವಾಡಿ ಕಾರ್ಯಕರ್ತೆ, ಜಗಳೂರು

ಬೇಗ ಹೇಳಿದರೆ ಕೂರುತ್ತಾರೆ, ಆದರೆ ಏನೂ ಒಳಗಿಳಿಯುವುದಿಲ್ಲ. ಮೂರು ವರ್ಷದವರಿಗೆ 4ರಿಂದ 5 ನಿಮಿಷ, ಐದಾರು ವರ್ಷದವರಿಗೆ 6ರಿಂದ 7 ನಿಮಿಷ ಸಾಕು. ನಿಮ್ಮ ಹದಿನೆಂಟು ನಿಮಿಷದ ಕಥೆಯಲ್ಲಿ ಮೂರು ಕಥೆಗಳಿರಬಹುದು. ಬಿಡಿಸಿ ನೋಡಿ.

ಆರು ನಿಮಿಷದ ವಿಡಿಯೊಗೆ ಬರೆಯಬೇಕಾದ್ದು ಹೆಚ್ಚೆಂದರೆ 300 ಪದ. ಒಂದು ವಾಕ್ಯದಲ್ಲಿ ಐದಾರು ಪದ. ನಿಮಿಷಕ್ಕೆ 60ರಿಂದ 70 ಪದಗಳ ವೇಗದಲ್ಲಿ ಓದಿದರೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮಾತಿಲ್ಲದೆ ಉಳಿಯುತ್ತದೆ, ಅದು ಉಳಿಯಲೇಬೇಕು. ಒಂದೊಂದು ದೃಶ್ಯವನ್ನು 8ರಿಂದ 12 ಸೆಕೆಂಡ್ ಹಾಗೆಯೇ ಬಿಡಿ. ಆರು ನಿಮಿಷಕ್ಕೆ ಮೂವತ್ತೈದು, ನಲವತ್ತು ದೃಶ್ಯ ಆದರೆ ಸರಿ. ನೂರು ದಾಟಿದ್ದರೆ ನಿಮ್ಮ ಕತ್ತರಿ ಅವಸರ ಮಾಡಿದೆ.

ಮಗುವಿಗೆ ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಧ್ವನಿಮುದ್ರಣದಲ್ಲಿ ಮನಸ್ಸಿನಲ್ಲೇ ಒಂದರಿಂದ ಐದು ಎಣಿಸಿ, ಆಮೇಲೆ ಮುಂದಿನ ಮಾತು. ಆ ಐದು ಸೆಕೆಂಡ್ ತೆರೆಯ ಮೇಲಿನ ಪಾತ್ರವೂ ಕಾಯುತ್ತಿರಬೇಕು: ಕತ್ತು ಕೊಂಚ ವಾಲಿಸಿ, ಕ್ಯಾಮೆರಾ ಕಡೆ ನೋಡುತ್ತ, ಕಣ್ಣು ಮಿಟುಕಿಸುತ್ತ. ಪಾತ್ರ ಅಲ್ಲಾಡದೆ ನಿಂತರೆ ಮಕ್ಕಳು ವಿಡಿಯೊ ನಿಂತುಹೋಯಿತೆಂದು ಪರದೆ ಮುಟ್ಟಲು ಬರುತ್ತಾರೆ. ಸಂಕಲನ ಮಾಡುವವರು ಬೇರೆಯವರಾದರೆ ಈ ಮೌನಗಳನ್ನು ಮೊದಲು ಕತ್ತರಿಸಿ ಎಸೆಯುತ್ತಾರೆ. ಹಾಗಾಗಿ ಬರಹದಲ್ಲೇ ‘ಇಲ್ಲಿ 5 ಸೆಕೆಂಡ್, ತೆಗೆಯಬಾರದು’ ಎಂದು ಬರೆದುಕೊಡಿ.

ವೇಗದ ಬಗ್ಗೆ ಒಂದು ಅಧ್ಯಯನವನ್ನು ಎಲ್ಲ ತಯಾರಕರೂ ತಿಳಿದಿರಬೇಕು. 2011ರಲ್ಲಿ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ನಾಲ್ಕು ವರ್ಷದ 60 ಮಕ್ಕಳಲ್ಲಿ ಒಂದು ಗುಂಪು 9 ನಿಮಿಷ ವೇಗದ ಕಾರ್ಟೂನ್ ನೋಡಿತು, ಇನ್ನೊಂದು ನಿಧಾನದ ಶೈಕ್ಷಣಿಕ ಕಾರ್ಯಕ್ರಮ ನೋಡಿತು, ಮೂರನೆಯದು ಚಿತ್ರ ಬರೆಯುತ್ತ ಕೂತಿತು. ಕೂಡಲೇ ಕೊಟ್ಟ ಚಟುವಟಿಕೆಗಳಲ್ಲಿ, ಅಂದರೆ ಆಸೆ ತಡೆದು ಕಾಯುವುದು, ಹೇಳಿದ್ದನ್ನು ನೆನಪಿಟ್ಟು ಮಾಡುವುದು ಇಂಥವುಗಳಲ್ಲಿ, ವೇಗದ ಕಾರ್ಟೂನ್ ನೋಡಿದವರು ಹಿಂದೆ ಬಿದ್ದರು. ತಾಳ್ಮೆ ಕಲಿಸುವ ಕಥೆಯನ್ನು ತಾಳ್ಮೆಯಿಲ್ಲದ ಸಂಕಲನದಲ್ಲಿ ಹೇಳಲಾಗದು.

‘ಹಂಚಿ ತಿನ್ನಬೇಕು’ ಎಂದು ಹೇಳಲು ಕಥೆ ಮಾಡಿದೆವು. ಅಣ್ಣ ತಂಗಿಯ ಮಂಡಕ್ಕಿ ಪೊಟ್ಟಣ ಕಿತ್ತುಕೊಳ್ಳುತ್ತಾನೆ, ಓಡುತ್ತಾನೆ, ಜಗಳವಾಗುತ್ತದೆ, ಕೊನೆಗೆ ಅಜ್ಜಿ ಬುದ್ಧಿ ಹೇಳುತ್ತಾಳೆ. ಮಕ್ಕಳು ನಕ್ಕು ನಕ್ಕು ನೋಡಿದರು. ಮರುದಿನ ನೋಡಿದರೆ ಕಿತ್ತುಕೊಂಡು ಓಡುವ ಆಟವನ್ನೇ ಆಡುತ್ತಿದ್ದಾರೆ! ಎಲ್ಲಿ ತಪ್ಪಿತು?
– ನರ್ಸರಿ ಶಿಕ್ಷಕಿ, ಚಿತ್ರದುರ್ಗ

ಗಡಿಯಾರ ಹಿಡಿದು ನಿಮ್ಮ ವಿಡಿಯೊ ಇನ್ನೊಮ್ಮೆ ನೋಡಿ. ಕಿತ್ತುಕೊಳ್ಳುವುದು, ಓಟ, ಜಗಳ ಎಷ್ಟು ನಿಮಿಷ? ಹಂಚಿಕೊಳ್ಳುವುದು ಎಷ್ಟು? ಬಹುತೇಕ ನೀತಿಕಥೆಗಳ ವಿಡಿಯೊದಲ್ಲಿ ತಪ್ಪಿಗೆ ಮುಕ್ಕಾಲು ಪಾಲು, ತಿದ್ದುವಿಕೆಗೆ ಕೊನೆಯ ಅರ್ಧ ನಿಮಿಷ, ಅದೂ ಬರೀ ಮಾತು. ಈ ವಯಸ್ಸಿನ ಮಗು ಕಥೆಯ ಕೊನೆಯಿಂದ ಹಿಂದಕ್ಕೆ ಹೋಗಿ ಅರ್ಥ ಕಟ್ಟಿಕೊಳ್ಳುವುದಿಲ್ಲ. ಹೆಚ್ಚು ಹೊತ್ತು ಕಂಡದ್ದು, ಹೆಚ್ಚು ಸದ್ದಿನೊಡನೆ ಕಂಡದ್ದು ಅದರ ಕೈಗೆ ಇಳಿಯುತ್ತದೆ. ನಿಮ್ಮ ಮಕ್ಕಳು ತಪ್ಪು ತಿಳಿದಿಲ್ಲ, ತೋರಿಸಿದ್ದನ್ನೇ ಕಲಿತಿದ್ದಾರೆ.

ಅದೇ ಕಥೆಯನ್ನು ಹೀಗೆ ಕಟ್ಟಿ. ಮೊದಲ 40 ಸೆಕೆಂಡ್, ಕಟ್ಟೆಯ ಮೇಲೆ ಅಣ್ಣ ತಂಗಿ, ಪೊಟ್ಟಣ ಬಿಚ್ಚುವ ಸರಸರ ಸದ್ದು. ಅಣ್ಣ ಪೊಟ್ಟಣ ಎಳೆದುಕೊಳ್ಳುವುದಕ್ಕೆ 20 ಸೆಕೆಂಡ್ ಮಾತ್ರ. ಅಲ್ಲಿ ಸಂಗೀತ ಬೇಡ, ‘ಡುಂಯ್’ ಸದ್ದು ಬೇಡ, ಓಟವಂತೂ ಬೇಡವೇ ಬೇಡ. ಮಕ್ಕಳು ಓಟಕ್ಕೆ ನಕ್ಕರೆ ಕಿತ್ತುಕೊಳ್ಳುವುದು ಖುಷಿಯ ಕೆಲಸವಾಗಿಬಿಡುತ್ತದೆ. ಆಮೇಲೆ 40 ಸೆಕೆಂಡ್ ತಂಗಿಯ ಮುಖ. ‘ಪುಟ್ಟಿಗೆ ಬೇಜಾರಾಗಿದೆ’ ಎಂದು ನೇರವಾಗಿ ಹೇಳಿ, ‘ಅಣ್ಣ ಈಗ ಏನು ಮಾಡಬೌದು?’ ಎಂದು ಕೇಳಿ ಐದು ಸೆಕೆಂಡ್ ಕಾಯಿರಿ. ಇನ್ನು ಮುಖ್ಯ ಭಾಗ, ಪೂರ್ತಿ ಎರಡು ನಿಮಿಷ: ಅಜ್ಜಿ ಬುದ್ಧಿ ಹೇಳುವುದಿಲ್ಲ, ಎರಡು ಬಟ್ಟಲು ತಂದಿಟ್ಟು ಸುಮ್ಮನೆ ಕೂರುತ್ತಾಳೆ. ಅಣ್ಣ ಹಿಡಿ ಹಿಡಿಯಾಗಿ ಹಾಕುತ್ತಾನೆ, ‘ನಿನಗೊಂದು ಹಿಡಿ, ನನಗೊಂದು ಹಿಡಿ’. ಕಡಲೆಬೀಜ ಹಾಕುವಾಗಲೂ ಅದೇ ಮಾತು, ಕೊನೆಗೆ ಅಜ್ಜಿಗೆ ಕೊಡುವಾಗಲೂ ಅದೇ ಮಾತು. ಆ ಸಾಲಿಗೊಂದು ಸಣ್ಣ ರಾಗವಿರಲಿ. ಆಮೇಲಿನ 80 ಸೆಕೆಂಡ್‌ನಲ್ಲಿ ಅದೇ ಇಬ್ಬರು ಬೇರೆ ಜಾಗದಲ್ಲಿ, ಮರದ ಉಯ್ಯಾಲೆಯ ಹತ್ತಿರ: ‘ನಿನಗೊಂದು ಸಲ, ನನಗೊಂದು ಸಲ’. ಕೊನೆಯ ನಿಮಿಷ ಶಾಂತವಾಗಿ ಮುಗಿಸಿ.

ಉಯ್ಯಾಲೆಯ ಭಾಗ ಬಿಡಬೇಡಿ. 2008ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೂರು ಕಾಲಿನ ನಾಯಿಯನ್ನು ಇತರ ನಾಯಿಗಳು ಮೊದಲು ದೂರವಿಟ್ಟು ಆಮೇಲೆ ಸೇರಿಸಿಕೊಳ್ಳುವ ಕಾರ್ಟೂನನ್ನು ಐದಾರು ವರ್ಷದವರಿಗೆ ತೋರಿಸಿದರು. ಬೇರೆ ಥರ ಇರುವವರೊಡನೆಯೂ ಸ್ನೇಹದಿಂದಿರಬೇಕು ಎಂಬುದು ಹೆಚ್ಚಿನವರಿಗೆ ಹೊಳೆಯಲೇ ಇಲ್ಲ. ಕಥೆ ಮೂರು ಕಾಲಿನ ನಾಯಿಯ ಬಗ್ಗೆ ಮಾತ್ರ ಎಂದುಕೊಂಡರು. ಮಂಡಕ್ಕಿ ಒಂದನ್ನೇ ತೋರಿಸಿದರೆ ಪಾಠ ಮಂಡಕ್ಕಿಗೇ ನಿಲ್ಲುತ್ತದೆ.

ಮೊಲ, ನರಿ, ಆನೆ ಹಾಕಬೇಕೇ ಎಂದು ಹಲವರು ಕೇಳಿದ್ದೀರಿ. ಟೊರಾಂಟೊದ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕಥೆಯೊಂದನ್ನು ಎರಡು ರೂಪದಲ್ಲಿ ಓದಿ ಹೇಳಿದಾಗ, ಮನುಷ್ಯ ಪಾತ್ರಗಳ ಕಥೆ ಕೇಳಿದವರು ಆಮೇಲೆ ತಮ್ಮ ಸ್ಟಿಕ್ಕರುಗಳನ್ನು ಹೆಚ್ಚು ಹಂಚಿದರು. ಬಟ್ಟೆ ತೊಟ್ಟ ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಪ್ರಾಣಿಗಳು ಹಾಡಿಗೆ, ಎಣಿಕೆಗೆ, ಬಣ್ಣಗಳಿಗೆ ಇರಲಿ. ನಡತೆಯ ಕಥೆಗೆ ನಮ್ಮಂಥ ಮನೆಯ, ನಮ್ಮಂಥ ಮಕ್ಕಳೇ ಬರಲಿ.

ಒಂದು ಕಂತಿಗೆ ಒಂದೇ ಗುಣ. ಅದನ್ನು ಕೈಯಲ್ಲಿ ಮಾಡಿ ತೋರಿಸಬಹುದಾದ ಕೆಲಸವಾಗಿ ಬರೆದುಕೊಳ್ಳಿ. ‘ಪ್ರಾಮಾಣಿಕತೆ’ ಎಂದು ಬರೆದರೆ ಚಿತ್ರ ಸಿಗುವುದಿಲ್ಲ, ‘ಸಿಕ್ಕ ಬಳಪವನ್ನು ಯಾರದೆಂದು ಕೇಳುವುದು’ ಎಂದು ಬರೆದರೆ ಸಿಗುತ್ತದೆ. ತಪ್ಪು ಮಾಡಿದ ಮಗುವನ್ನು ‘ಕೆಟ್ಟ ಹುಡುಗ’ ಎಂದು ಯಾರ ಬಾಯಲ್ಲೂ ಹೇಳಿಸಬೇಡಿ. ಪ್ರತಿ ಕಂತಿನಲ್ಲೂ ಅಣ್ಣನೇ ತಪ್ಪು ಮಾಡುವುದು, ಕಪ್ಪಗಿರುವವನೇ ಕೀಟಲೆಯವನಾಗಿರುವುದು, ಅಮ್ಮ ಸದಾ ಒಲೆಯ ಮುಂದಿರುವುದು, ಇವೂ ಪಾಠಗಳೇ. ನಾವು ಗಮನಿಸದೆ ಕಲಿಸಿಬಿಡುವ ಪಾಠಗಳು.

ಮೊಮ್ಮಗನಿಗೆ ಒಂದೂವರೆ ವರ್ಷ. ಮೊಬೈಲ್ ಹಾಕದಿದ್ದರೆ ತುತ್ತು ಇಳಿಯಲ್ಲ. ಅವನಿಗೆ ಒಳ್ಳೇದು ಕಲಿಸೋ ವಿಡಿಯೊ ಯಾವುದು ಹೇಳ್ರಿ.
– ಅಜ್ಜಿಯೊಬ್ಬರು, ಹಿರಿಯೂರು

ಅಜ್ಜಿ, ಆ ವಯಸ್ಸಿಗೆ ಯಾವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದು: ಎರಡು ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂರಿಸುವುದು ತಕ್ಕದ್ದಲ್ಲ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅಷ್ಟು ಚಿಕ್ಕ ಮಕ್ಕಳು ಎದುರಿಗಿರುವ ಮನುಷ್ಯರಿಂದ ಕಲಿತಷ್ಟು ಪರದೆಯಿಂದ ಕಲಿಯುವುದೂ ಇಲ್ಲ. ಊರಲ್ಲಿಲ್ಲದ ಅಪ್ಪನೊಡನೆ ವಿಡಿಯೊ ಕರೆಯಲ್ಲಿ ಮಾತಾಡಿಸುವುದಕ್ಕೆ ಅಡ್ಡಿಯಿಲ್ಲ. ಊಟದ ಹೊತ್ತಿಗೆ ನಿಮ್ಮ ಕಾಗೆ ಗುಬ್ಬಿಯ ಮಾತೇ ಸಾಕು. ಮೂರ್ನಾಲ್ಕು ದಿನ ಹಟ ಮಾಡುತ್ತಾನೆ. ಹಸಿದಾಗ ಬಡಿಸಿ, ಸಾಕೆಂದಾಗ ತಟ್ಟೆ ತೆಗೆಯಿರಿ.

ನಾವಿಬ್ಬರು ಗೆಳತಿಯರು. ಒಂದು ಮೊಬೈಲ್, ಹತ್ತು ಸಾವಿರ ರೂಪಾಯಿ ಇದೆ. ಮನೆಯಲ್ಲೇ ಚಿತ್ರೀಕರಣ. ಮೊದಲ ಪ್ರಯತ್ನದಲ್ಲಿ ಧ್ವನಿ ಬಾವಿಯೊಳಗಿಂದ ಬಂದಂತಿತ್ತು, ಬಲ್ಬಿನ ಬೆಳಕಲ್ಲಿ ಚಿತ್ರದ ಮೇಲೆ ಪಟ್ಟೆಗಳು ಓಡುತ್ತಿದ್ದವು. ಏನು ಕೊಳ್ಳಬೇಕು?
– ಹರಿಹರ

ಕ್ಯಾಮೆರಾ ಕೊಳ್ಳಬೇಡಿ, ಮೊಬೈಲ್ ಸಾಕು. ಗಟ್ಟಿಯಾದ ಟ್ರೈಪಾಡ್‌ಗೆ ಸುಮಾರು 2,000, ತಂತಿಯ ಕಾಲರ್ ಮೈಕ್‌ಗೆ ಸುಮಾರು 1,000. ಎರಡು ದೊಡ್ಡ ಬಿಳಿ ಥರ್ಮೊಕೋಲ್ ಹಾಳೆ ತನ್ನಿ. ಉಳಿದದ್ದರಲ್ಲಿ ಒಂದು ಹಾರ್ಡ್‌ಡಿಸ್ಕ್ ತೆಗೆದುಕೊಳ್ಳಿ. ನಿಮಿಷಕ್ಕೆ 100ರಿಂದ 150 ಎಂಬಿ ಹಿಡಿಯುವುದರಿಂದ ಮೊಬೈಲ್ ಎರಡು ದಿನಕ್ಕೇ ತುಂಬುತ್ತದೆ. ಆಗ ಅವಸರದಲ್ಲಿ ಅಳಿಸಿದ್ದು ಮತ್ತೆ ಸಿಗುವುದಿಲ್ಲ.

ಪಟ್ಟೆ ಓಡುವುದಕ್ಕೆ ಕಾರಣ ಕರೆಂಟು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್, ಅಂದರೆ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮೊಬೈಲ್ ತಾನಾಗಿ ಹಿಡಿಯುವುದು ಸೆಕೆಂಡಿಗೆ 30 ಚಿತ್ರ, ಇವೆರಡೂ ತಾಳೆಯಾಗುವುದಿಲ್ಲ. ಎಲ್ಲವನ್ನೂ ಕೈಯಾರೆ ಹೊಂದಿಸಲು ಬಿಡುವ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ, ಅದಿಲ್ಲದಿದ್ದರೆ ಉಚಿತ ಕ್ಯಾಮೆರಾ ಆ್ಯಪ್ ಒಂದರಲ್ಲಿ, ಸೆಕೆಂಡಿಗೆ 25 ಚಿತ್ರದ ವೇಗ ಮತ್ತು ಐವತ್ತನೇ ಒಂದು ಸೆಕೆಂಡ್ ಶಟರ್ (ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತು) ಇಡಿ. ಬೆಳಕು, ಬಣ್ಣ, ಫೋಕಸ್ ಮೂರನ್ನೂ ಲಾಕ್ ಮಾಡಿ. ಆದಷ್ಟು ಬಲ್ಬನ್ನೇ ಬಿಟ್ಟು ಕಿಟಕಿ ಬಳಸಿ. ಬಿಸಿಲು ನೇರ ಬೀಳದ ಕಿಟಕಿಯಿಂದ ಮೂರ್ನಾಲ್ಕು ಅಡಿ ದೂರ, ಬೆಳಕು ಒಂದು ಪಕ್ಕದಿಂದ ಬರುವಂತೆ ಕೂರಿ. ನೆರಳಾದ ಪಕ್ಕಕ್ಕೆ ಥರ್ಮೊಕೋಲ್ ನಿಲ್ಲಿಸಿ. ಕ್ಯಾಮೆರಾದ ಎತ್ತರ ನೆಲದಿಂದ 90ರಿಂದ 100 ಸೆಂಟಿಮೀಟರ್, ನಿಂತ ಮಗುವಿನ ಕಣ್ಣಿನ ಮಟ್ಟ. ಮೇಲಿನಿಂದ ಹಿಡಿದರೆ ಪ್ರತಿ ಮಾತೂ ಗದರಿಕೆಯಂತೆ ಕಾಣುತ್ತದೆ.

ಬಾವಿಯ ಸದ್ದು ಬರುವುದು ಬರಿಗೋಡೆ ಮತ್ತು ಕಲ್ಲುಹಾಸಿನಿಂದ. ಅದಕ್ಕೆ ಚಳ್ಳಕೆರೆ ಕಂಬಳಿಗಿಂತ ಒಳ್ಳೆಯ ಮದ್ದು ನಮ್ಮ ಕಡೆ ಸಿಗದು. ಉಣ್ಣೆ ದಪ್ಪ, ಒರಟು, ಸದ್ದನ್ನು ನುಂಗುತ್ತದೆ. ಒಂದನ್ನು ನೆಲಕ್ಕೆ ಹಾಸಿ, ಒಂದನ್ನು ಮಾತಾಡುವವರ ಎದುರಿಗೆ, ಇನ್ನೊಂದನ್ನು ಬೆನ್ನ ಹಿಂದೆ ತೂಗುಹಾಕಿ. ಗೋಡೆಗೆ ಅಂಟಿಸದೆ ಅಂಗೈಯಗಲ ಜಾಗ ಬಿಟ್ಟರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ, ರೇಷ್ಮೆ ಸೀರೆಗೆ ಸಿಕ್ಕಿಸಿದರೆ ಸರಭರ ಕೇಳುತ್ತದೆ, ಹತ್ತಿ ಬಟ್ಟೆ ಉಡಿ. ಫ್ಯಾನ್, ಫ್ರಿಜ್ ಆರಿಸಿ. ರೈಲು, ಲಾರಿ ಸದ್ದಿದ್ದರೆ ಬೆಳಗಿನ ಜಾವ ಐದಕ್ಕೆ ಕೂತು ಧ್ವನಿ ಮುಗಿಸಿಬಿಡಿ. ಎದ್ದುಹೋಗುವ ಮೊದಲು ಯಾರೂ ಮಾತಾಡದೆ 30 ಸೆಕೆಂಡ್ ಖಾಲಿ ಕೋಣೆಯನ್ನು ಮುದ್ರಿಸಿ. ಆ ಐದು ಸೆಕೆಂಡ್ ಮೌನಗಳಲ್ಲಿ ತುಂಬಬೇಕಾದ್ದು ಅದೇ. ಪೂರ್ತಿ ನಿಶ್ಶಬ್ದ ಹಾಕಿದರೆ ಧ್ವನಿ ಕಡಿದುಹೋದಂತಾಗುತ್ತದೆ.

ಮುದ್ರಿಸುವಾಗ ಅತಿ ಜೋರಿನ ಮಾತು ಆ್ಯಪ್‌ನ ಧ್ವನಿ ಮಾಪಕದಲ್ಲಿ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ. ಹಿನ್ನೆಲೆ ಸಂಗೀತ ಮಾತಿಗಿಂತ 18ರಿಂದ 20 ಡೆಸಿಬೆಲ್ ಕೆಳಗೆ. ಮುಗಿದ ವಿಡಿಯೊದ ಒಟ್ಟು ಧ್ವನಿಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ವಿಡಿಯೊ ಒಟ್ಟಾರೆ ಕಿವಿಗೆ ಎಷ್ಟು ಜೋರು ಎಂದು ಅಳೆಯುವ ಮಾನ) ಹತ್ತಿರ ಇಡಿ, ಅದಕ್ಕಿಂತ ಜೋರು ಮಾಡಿದರೆ ಯೂಟ್ಯೂಬ್ ತಾನೇ ತಗ್ಗಿಸುತ್ತದೆ. ಕೊನೆಗೆ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೇಳಿ. ಮಕ್ಕಳು ಕೇಳುವುದು ಅದರಲ್ಲೇ.

ವಿಡಿಯೊ ನಮ್ಮ ಕಡೆ ಮಾತಲ್ಲಿ ಇರಬೇಕೋ, ಪುಸ್ತಕದ ಕನ್ನಡದಲ್ಲೋ?
– ಮೊಳಕಾಲ್ಮುರು

ಕಥೆ ಹೇಳುವವರ ಮಾತು ಸರಳ ಆಡುಗನ್ನಡದಲ್ಲಿರಲಿ, ಪಾತ್ರಗಳು ಮನೆಯ ಮಾತನ್ನೇ ಆಡಲಿ. ‘ಬಾರವ್ವ, ಕುಂದ್ರು’ ಎಂದು ಕರೆದರೆ ನಮ್ಮ ಮಗು ತಿರುಗಿ ನೋಡುತ್ತದೆ, ‘ಬನ್ನಿ ಮಕ್ಕಳೇ, ಆಸೀನರಾಗಿ’ ಎಂದರೆ ನೋಡದು. ನಿಮ್ಮ ಭಾಗದಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ದಾವಣಗೆರೆಯ ಹಲವು ಓಣಿಗಳಲ್ಲಿ ಉರ್ದು ಮನೆಮಾತು. ಹಾಗಾಗಿ ಹೊಸ ಪದ ಬಂದಾಗ ಆ ವಸ್ತು ಅದೇ ಕ್ಷಣ ತೆರೆಯ ಮೇಲಿರಬೇಕು. ‘ಮೊರ’ ಎನ್ನುವಾಗ ಮೊರ ಕಾಣಲಿ, ಎರಡು ಸೆಕೆಂಡ್ ತಡವಾದರೂ ಪದ ಬೇರೆ ಯಾವುದಕ್ಕೋ ಅಂಟಿಕೊಳ್ಳುತ್ತದೆ.

ಕಾಗದದ ಗೊಂಬೆಗಳನ್ನು ಒಂದೊಂದೇ ಫೋಟೊ ತೆಗೆದು ಓಡಾಡಿಸುವ ವಿಧಾನ ಕಲಿಯುತ್ತಿದ್ದೇನೆ. ಚಿತ್ರ ಮಿಣುಕುತ್ತದೆ, ನಡಿಗೆ ಜಿಗಿದಂತೆ ಕಾಣುತ್ತದೆ. ಎಷ್ಟು ಫೋಟೊ ಬೇಕಾಗುತ್ತವೆ?
– ಚಿತ್ರಕಲಾ ಶಿಕ್ಷಕ, ಹೊಸದುರ್ಗ

ಸೆಕೆಂಡಿಗೆ 12 ಚಿತ್ರದ ಲೆಕ್ಕದಲ್ಲಿ ಒಂದು ನಿಮಿಷಕ್ಕೆ 720. ಹೆದರಬೇಡಿ, ಪಾತ್ರ ಸುಮ್ಮನೆ ನಿಂತಿರುವಲ್ಲಿ ಒಂದೇ ಫೋಟೊವನ್ನು ಮರುಬಳಸಬಹುದು. ಮೆಲ್ಲನೆಯ ಕಥೆಯಲ್ಲಿ ನಿಜವಾಗಿ ತೆಗೆಯಬೇಕಾದ್ದು ಅದರ ಅರ್ಧದಷ್ಟು.

ಗೊಂಬೆ 15ರಿಂದ 18 ಸೆಂಟಿಮೀಟರ್ ಎತ್ತರ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಇದಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಹೊಳೆಯುವ ಮೈ ಹಿಂದಕ್ಕೆ ಹೋಗಲಿ. ತೋಳು, ಮೊಣಕೈ, ತೊಡೆ, ಮಂಡಿಗಳಿಗೆ ದಪ್ಪ ದಾರ ಪೋಣಿಸಿ ಎರಡೂ ಕಡೆ ಗಂಟು ಹಾಕಿ. ಕೈಯಿಟ್ಟಲ್ಲಿ ನಿಲ್ಲುವಷ್ಟು ಬಿಗಿ ಇರಬೇಕು. ಬಾಯಿ ಐದೇ ಸಾಕು: ಅ, ಇ, ಉ, ಒ, ಮತ್ತು ಮ-ಬ-ಪಗಳಿಗೆ ಮುಚ್ಚಿದ ತುಟಿ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಈ ಐದರಲ್ಲಿ ಮಾತು ನಂಬುವಂತೆ ಕಾಣುತ್ತದೆ. ಧ್ವನಿ ಮೊದಲು ಮುಗಿದಿರಲಿ. ‘ನಿನಗೊಂದು ಹಿಡಿ’ ಒಂದೂವರೆ ಸೆಕೆಂಡ್ ಹಿಡಿದರೆ 18 ಚಿತ್ರ, ಯಾವ ಚಿತ್ರಕ್ಕೆ ಯಾವ ಬಾಯಿ ಎಂದು ಪಟ್ಟಿ ಬರೆದುಕೊಂಡೇ ಕೂರಿ.

ನಡಿಗೆ ಜಿಗಿಯುವುದು ಒಂದೇ ಸಲಕ್ಕೆ ಹೆಚ್ಚು ಸರಿಸುವುದರಿಂದ. ಒಂದು ಹೆಜ್ಜೆಗೆ 8 ಚಿತ್ರ ಕೊಡಿ, ಪ್ರತಿ ಚಿತ್ರಕ್ಕೆ ಅರ್ಧ ಸೆಂಟಿಮೀಟರ್. ಹೊರಡುವಾಗ, ನಿಲ್ಲುವಾಗ ಇನ್ನೂ ಕಡಿಮೆ ಸರಿಸಿ. ಮಿಣುಕುವುದಕ್ಕೆ ಮೊದಲ ಶಂಕೆ ಮೊಬೈಲಿನ ಸ್ವಯಂಚಾಲಿತ ಬೆಳಕು ಮತ್ತು ಬಣ್ಣದ ಹೊಂದಾಣಿಕೆ, ಎರಡನ್ನೂ ಲಾಕ್ ಮಾಡಿ. ಆಮೇಲೂ ಮಿಣುಕಿದರೆ ನಿಮ್ಮ ಬಿಳಿ ಅಂಗಿ ನೋಡಿ: ಬಾಗಿದಾಗೊಮ್ಮೆ ಬೆಳಕು ಹಲಗೆಗೆ ಬಡಿಯುತ್ತದೆ, ಕಪ್ಪು ಬಟ್ಟೆ ತೊಡಿ. ಕಿಟಕಿ ಇಲ್ಲಿ ಶತ್ರು, ಮೋಡ ಸರಿದರೆ ಒಂದು ಗಂಟೆಯ ಕೆಲಸ ಹೋಯಿತು. ರಾತ್ರಿ ಎರಡು ಎಲ್‌ಇಡಿ ಬಲ್ಬುಗಳನ್ನು ಎಡಬಲದಿಂದ ಓರೆಯಾಗಿ ಹಾಕಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಬಂದಾಗ ಕೆಲವು ಬಲ್ಬುಗಳ ಬೆಳಕು ಬದಲಾಗುತ್ತದೆ, ಕರೆಂಟ್ ಬರುವವರೆಗೆ ನಿಲ್ಲಿಸಿ.

ಮಿಂಚು, ಪಟಾಕಿ ತೋರಿಸುವಾಗ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಬೆಳಕು ಮಿನುಗಿಸಬೇಡಿ. ಜಪಾನಿನಲ್ಲಿ 1997ರ ಡಿಸೆಂಬರ್‌ನಲ್ಲಿ ಟಿವಿ ಕಾರ್ಟೂನೊಂದರ ಕೆಂಪು ನೀಲಿ ಮಿನುಗು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು.

ನಮ್ಮೂರಿನ ಕೋಟೆಯಲ್ಲೇ ಪುಟ್ಟ ಮಕ್ಕಳಿಗೆ ಸರಣಿ ಮಾಡುವಾಸೆ. ಮೊದಲ ಕಂತು ಒನಕೆ ಓಬವ್ವನದು. ಸರಿಯೇ?
– ಚಿತ್ರದುರ್ಗ

ಆರು ವರ್ಷದೊಳಗಿನವರಿಗಾದರೆ ಬೇಡ. ಓಬವ್ವನ ಬಗ್ಗೆ ನಮಗೆಲ್ಲ ಇರುವ ಅಭಿಮಾನ ದೊಡ್ಡದು, ಆದರೆ ಕಥೆಯ ನಡುಭಾಗದಲ್ಲಿರುವುದು ಕಿಂಡಿಯಲ್ಲಿ ನುಸುಳಿ ಬಂದವರನ್ನು ಒಬ್ಬೊಬ್ಬರಾಗಿ ಒನಕೆಯಿಂದ ಹೊಡೆದದ್ದು. ನಾಲ್ಕು ವರ್ಷದ ಮಗುವಿಗೆ ಊರು ಉಳಿಸಿದ್ದು ಅರ್ಥವಾಗುವ ಮೊದಲು ಹೊಡೆದದ್ದು ಕಣ್ಣಲ್ಲಿ ನಿಲ್ಲುತ್ತದೆ. ಎಂಟರ ಮೇಲಿನವರಿಗೆ ಪೂರ್ತಿ ಹೇಳಿ. ಪುಟ್ಟವರಿಗೆ ಕಿಂಡಿಯ ಹತ್ತಿರದ ತಣ್ಣೀರು ದೋಣಿ ಎಂಬ ಪುಟ್ಟ ಹೊಂಡ ಸಾಕು: ಊಟಕ್ಕೆ ಕೂತ ಗಂಡನಿಗೆ ನೀರು ತರಲು ಓಬವ್ವ ಬಂದಳು, ನೀರು ತಣ್ಣಗಿತ್ತು, ಬೇಸಿಗೆಯಲ್ಲೂ ಇರುತ್ತದೆ.

ಈ ವಯಸ್ಸಿಗೆ ಕೋಟೆ ಕೊಡುವ ಬಹು ದೊಡ್ಡ ಕಥೆ ನೀರಿನದೇ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ ತಂಗಿಯರ ಹೊಂಡಕ್ಕಿಳಿದು, ಸಿಹಿನೀರು ಹೊಂಡ, ಸಂತೆ ಹೊಂಡಗಳತ್ತ ಹರಿಯುವಂತೆ ಕಟ್ಟಿದ್ದಾರೆ. ‘ನನಗೆ ಸಾಕು, ಇನ್ನು ನಿನಗೆ’ ಎಂದು ಒಂದು ಹೊಂಡ ಇನ್ನೊಂದಕ್ಕೆ ಹೇಳಿದಂತೆ. ಅಂಗಳದಲ್ಲಿ ನಾಲ್ಕು ಬಟ್ಟಲುಗಳನ್ನು ಮೆಟ್ಟಿಲ ಮೇಲೆ ಜೋಡಿಸಿ ಮೇಲಿನದಕ್ಕೆ ಚೊಂಬಿನಿಂದ ನೀರು ಸುರಿದು ತೋರಿಸಿ. ಮಕ್ಕಳು ವಿಡಿಯೊ ಮುಗಿದ ಕೂಡಲೇ ಬಟ್ಟಲು ಹುಡುಕುತ್ತಾರೆ.

ಕೋಟೆ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟ್ರೈಪಾಡ್ ಇಟ್ಟು ಚಿತ್ರೀಕರಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಬೆಳಿಗ್ಗೆ 7ರಿಂದ 9ರೊಳಗೆ ಮುಗಿಸಿ, ಆಮೇಲೆ ಬಂಡೆ ಬೆಳಕನ್ನು ಹಿಂದಕ್ಕೆ ಎರಚಿ ಮುಖ ಕಪ್ಪಾಗುತ್ತದೆ. ಗಾಳಿ ಜೋರು, ಅಲ್ಲಿ ಮಾತು ಮುದ್ರಿಸುವ ಆಸೆ ಬಿಡಿ. ನೀರು, ಹಕ್ಕಿ, ಹೆಜ್ಜೆಯ ಸದ್ದಷ್ಟೇ ತನ್ನಿ, ಮಾತು ಮನೆಯಲ್ಲಿ. ತಿಂಡಿಯ ಚೀಲ ಮಂಗಗಳ ಕಣ್ಣಿಗೆ ಬೀಳದಿರಲಿ.

ಓಣಿಯ ಮಕ್ಕಳನ್ನೇ ಪಾತ್ರ ಮಾಡಿಸುತ್ತಿದ್ದೇವೆ. ಚಾನೆಲ್‌ಗೆ ಈಗ ಪ್ರಾಯೋಜಕರು ಸಿಕ್ಕಿದ್ದಾರೆ. ಏನಾದರೂ ಅನುಮತಿ ಬೇಕೇ?
– ದಾವಣಗೆರೆ

ಬೇಕು. ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಮಕ್ಕಳು ಕಲಾವಿದರಾಗಿ ಕೆಲಸ ಮಾಡಬಹುದು, ಆದರೆ ಜಿಲ್ಲಾಧಿಕಾರಿಯ ಅನುಮತಿ ಪಡೆದು. ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ಮೀರಬಾರದು. ಐದು ಮಕ್ಕಳಿಗೆ ಒಬ್ಬರಂತೆ ಹೊಣೆ ಹೊತ್ತವರು ಇರಬೇಕು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಅದರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಇದು ಕಾನೂನಿನ ಗಡಿ. ನಾಲ್ಕೈದು ವರ್ಷದವರನ್ನು ಒಮ್ಮೆಗೆ 20 ನಿಮಿಷಕ್ಕಿಂತ ಹೆಚ್ಚು ಕ್ಯಾಮೆರಾ ಮುಂದೆ ನಿಲ್ಲಿಸಬೇಡಿ. ಅಳುವ ದೃಶ್ಯಕ್ಕೆಂದು ಯಾವ ಮಗುವನ್ನೂ ಅಳಿಸಬೇಡಿ. ಮಗುವಿನ ಬೆನ್ನು, ನೆಲ ನೋಡುವ ತಲೆ, ಬಿಟ್ಟುಹೋದ ಪೊಟ್ಟಣ ಇವನ್ನು ತೋರಿಸಿದರೆ ದುಃಖ ತಿಳಿಯುತ್ತದೆ.

ಯೂಟ್ಯೂಬ್‌ನಲ್ಲಿ ‘ಮಕ್ಕಳಿಗಾಗಿ ಮಾಡಿದ್ದು’ ಎಂದು ಗುರುತು ಹಾಕಿದರೆ ಆದಾಯ ಬೀಳುತ್ತದೆ ಅನ್ನುತ್ತಾರೆ. ಹಾಕದೆ ಬಿಡಬಹುದೇ?
– ದಾವಣಗೆರೆ

ಬಿಡಬೇಡಿ. ಅಮೆರಿಕದ ಮಕ್ಕಳ ಖಾಸಗಿತನದ ಕಾನೂನಿನಿಂದಾಗಿ 2020ರ ಜನವರಿಯಿಂದ ಎಲ್ಲ ದೇಶಗಳ ಚಾನೆಲ್‌ಗಳಿಗೂ ಇದು ಕಡ್ಡಾಯ. ಗುರುತು ಹಾಕಿದ ವಿಡಿಯೊಗೆ ಕಮೆಂಟ್ ಮುಚ್ಚುತ್ತದೆ, ನೋಡುಗರ ಮಾಹಿತಿ ಆಧರಿಸಿದ ಜಾಹೀರಾತು ಬರುವುದಿಲ್ಲ, ಕೊನೆಯಲ್ಲಿ ಬೇರೆ ವಿಡಿಯೊಗೆ ಸೆಳೆಯುವ ಚೌಕಗಳೂ ಇರುವುದಿಲ್ಲ. ಆದಾಯ ಇಳಿಯುವುದು ನಿಜ. ಆದರೆ ಈ ಮೂರೂ ನಿಮ್ಮ ನೋಡುಗರಿಗೆ ಒಳ್ಳೆಯದೇ. ಸುಳ್ಳು ಗುರುತು ಹಾಕಿದರೆ ಯೂಟ್ಯೂಬ್ ತಾನೇ ಬದಲಿಸಬಹುದು, ಕ್ರಮವನ್ನೂ ಕೈಗೊಳ್ಳಬಹುದು.

ಹುಟ್ಟುಹಬ್ಬದ ಶುಭಾಶಯಕ್ಕೆಂದು ಮಕ್ಕಳ ಫೋಟೊ, ಹೆಸರು, ಶಾಲೆ ತರಿಸಿಕೊಳ್ಳುವ ರೂಢಿ ಬಿಡಿ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳು, ಅವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು. ವಿಡಿಯೊದ ಮುಖಚಿತ್ರದಲ್ಲಿ ಬಾಯಿ ತೆರೆದ ಮುಖ, ಕೆಂಪು ಬಾಣ ಬೇಡ. ಅಂಗನವಾಡಿಗಳಿಗೆ ಪೆನ್‌ಡ್ರೈವಿನಲ್ಲಿ ಕೊಡಿ, ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ತೊಂದರೆ ಅಲ್ಲಿರುವುದಿಲ್ಲ. ಕೊನೆಯ ಹತ್ತು ಸೆಕೆಂಡ್ ಸಂಗೀತ ತಗ್ಗಲಿ, ಪಾತ್ರ ತಾನೇ ಎದ್ದು ಹೊರಗೆ ಹೋಗಲಿ: ‘ನಾನು ಬಟ್ಟಲು ತೊಳೀಲಿಕ್ಕೆ ಹೋಗ್ತೀನಿ. ನೀನೂ ಏಳು!’

ಹಳೆಯ ಶಿಶುಗೀತೆಗಳನ್ನು ಹಾಡಿಸಿ ಹಾಕಬಹುದೇ?
– ಚನ್ನಗಿರಿ

ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಪದ್ಯಗಳನ್ನು ಯಾರು ಬೇಕಾದರೂ ಹಾಡಬಹುದು. ಜಿ.ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ, ಅವರವು 2039ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆಯಿಲ್ಲದೆ ಆಗದು. ‘ಎಲ್ಲರೂ ಹಾಕಿದ್ದಾರಲ್ಲ’ ಎಂಬುದು ಉತ್ತರವಲ್ಲ. ಯಾರು ಬರೆದರೆಂದು ತಿಳಿಯದ ಜನಪದ ಹಾಡಿಗೆ ತೊಡಕಿಲ್ಲ, ಆದರೆ ಬೇರೆಯವರು ಮುದ್ರಿಸಿದ ಅದರ ಧ್ವನಿಯನ್ನು ಎತ್ತಿ ಹಾಕುವಂತಿಲ್ಲ. ನಿಮ್ಮೂರಿನ ಸೋಬಾನೆ ಹಾಡುವ ಅಜ್ಜಿಯರನ್ನು ಕೂರಿಸಿ, ಸಂಭಾವನೆ ಕೊಟ್ಟು, ಹೊಸದಾಗಿ ಮುದ್ರಿಸಿ.

ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ತಿಳಿಯುವುದು ಹೇಗೆ? ‘ಚೆನ್ನಾಗಿತ್ತಾ’ ಅಂದರೆ ಎಲ್ಲದಕ್ಕೂ ‘ಹೂಂ’ ಅನ್ನುತ್ತಾರೆ.
– ಹೊಳಲ್ಕೆರೆ

ಆ ಪ್ರಶ್ನೆ ಕೇಳಲೇಬೇಡಿ. ವಿಡಿಯೊ ಪೂರ್ತಿ ಮುಗಿಸುವ ಮೊದಲು, ಧ್ವನಿ ಮತ್ತು ಒರಟು ಚಿತ್ರಗಳಷ್ಟಿರುವಾಗಲೇ, ಐದಾರು ಮಕ್ಕಳಿಗೆ ತೋರಿಸಿ. ನೀವು ಪರದೆಯ ಪಕ್ಕ, ಮಕ್ಕಳ ಮುಖ ಕಾಣುವಂತೆ ಕೂರಿ. ಕೈಯಲ್ಲಿ ಗಡಿಯಾರ, ಒಂದು ಹಾಳೆ. ಹತ್ತು ಸೆಕೆಂಡಿಗೊಮ್ಮೆ ಎಷ್ಟು ಜೋಡಿ ಕಣ್ಣು ಪರದೆಯ ಮೇಲಿವೆ ಎಂದು ಬರೆಯಿರಿ. ಆರು ಮಕ್ಕಳಲ್ಲಿ ಮೂವರ ಕಣ್ಣು ತಪ್ಪಿದ ಜಾಗದಲ್ಲಿ ಸಾಮಾನ್ಯವಾಗಿ ದೊಡ್ಡವರು ಮಾತಾಡುತ್ತಿರುತ್ತಾರೆ. ಆ ಮಾತು ತೆಗೆದು ಕೆಲಸ ತೋರಿಸಿ. ಕಾಯುವ ಐದು ಸೆಕೆಂಡ್‌ಗಳಲ್ಲಿ ಯಾರೂ ಬಾಯಿ ಬಿಡದಿದ್ದರೆ ಪ್ರಶ್ನೆ ಕಷ್ಟವಾಗಿದೆ ಎಂದರ್ಥ. ‘ಯಾಕೆ’ ಎಂಬುದನ್ನು ‘ಏನು’, ‘ಯಾರು’ ಎಂದು ಬದಲಿಸಿ.

ನಿಜವಾದ ಪರೀಕ್ಷೆ ಮರುದಿನ. ಮೇಲೆ ಹೇಳಿದ ಮಂಡಕ್ಕಿಯ ಕಥೆಯಾದರೆ, ಒಂದೊಂದೇ ಮಗುವನ್ನು ಕರೆದು ಪೊಟ್ಟಣ, ಎರಡು ಬಟ್ಟಲು ಮುಂದಿಟ್ಟು ‘ನಿನ್ನೆ ಪುಟ್ಟಿಯ ಮನೇಲಿ ಏನಾಯ್ತು, ತೋರಿಸು’ ಎನ್ನಿ. ಹೇಳು ಎನ್ನಬೇಡಿ, ತೋರಿಸು ಎನ್ನಿ. ಹೆಚ್ಚಿನ ಮಕ್ಕಳು ಪೊಟ್ಟಣ ಎಳೆದು ತೋರಿಸಿದರೆ ಆ ದೃಶ್ಯವನ್ನು 20 ಸೆಕೆಂಡ್‌ನಿಂದ 10ಕ್ಕೆ ಇಳಿಸಿ ಮತ್ತೆ ಬೇರೆ ಮಕ್ಕಳಿಗೆ ತೋರಿಸಿ. ಬಟ್ಟಲಿಗೆ ಹಿಡಿ ಹಿಡಿಯಾಗಿ ಹಾಕತೊಡಗಿದರೆ ಬಣ್ಣ ಹಚ್ಚುವ ಕೆಲಸ ಶುರುಮಾಡಬಹುದು.